ಫುವಾತಿನೊ ಚಿಕ್ಕಮ್ಮ ಮತ್ತು ಬೆಟ್ಟದ ಬಾಯಿಯ ದಾರಿ

ಫುವಾತಿನೊ ಚಿಕ್ಕಮ್ಮ ತೀರಿಕೊಂಡು ಬರುವ ಮೇ ತಿಂಗಳಿಗೆ ಎರಡು ವರ್ಷ. ಈಗಲೂ ಸಂಜೆ ನಮ್ಮ ಕಡಲತೀರದ ಗರಿಯ ಗುಡಿಸಲುಗಳಲ್ಲಿ ಚಾಪೆ ಹಾಸುವಾಗ ಬೆನ್ನಿಗೆ ದೊಡ್ಡ ಚೀಲ ಹೊತ್ತ ಯಾರಾದರೂ ಬಂದು, "ಬೆಟ್ಟದ ಬಾಯಿಗೆ ಹೋಗಬೇಕು, ಗೈಡ್ ಬೇಕೇ ಬೇಕಾ, ಇಲ್ಲಾ ನಾವೇ ಹೋಗಬಹುದಾ?" ಎಂದು ಕೇಳಿದರೆ ನನ್ನ ಕತ್ತು ತಾನಾಗಿಯೇ ರಸ್ತೆಯಾಚೆಯ ಅವಳ ಮನೆಯ ಕಡೆ ತಿರುಗುತ್ತದೆ. ಬೆಟ್ಟದ ಬಾಯಿ ಎಂದರೆ ನಮ್ಮೂರ ಹಿಂದಿನ ಆರಿಹೋದ ಜ್ವಾಲಾಮುಖಿಯ ಕುಳಿ. ಆ ಪ್ರಶ್ನೆಗೆ ಉತ್ತರ ಕೊಡುವ ಹಕ್ಕು ಸಮೋವಾ ದ್ವೀಪದ ನಮ್ಮ ವಾಯ್‌ಪುನಾ ಊರಿನಲ್ಲಿ ಅವಳೊಬ್ಬಳದೇ ಆಗಿತ್ತು.

ಅವಳು ನನ್ನ ಅಮ್ಮನ ಕೊನೆಯ ತಂಗಿ, ನನಗಿಂತ ಒಂಬತ್ತೇ ವರ್ಷಕ್ಕೆ ದೊಡ್ಡವಳು. ಅಜ್ಜನಿಗೆ ಗಂಡುಮಕ್ಕಳಿರಲಿಲ್ಲ. ಕಾಡುಪಾರಿವಾಳ ಹಿಡಿಯಲು ಬೆಟ್ಟ ಹತ್ತುವಾಗ ಅವನು ಬಲೆ ಹೊರಿಸಿ ಕರೆದುಕೊಂಡು ಹೋಗುತ್ತಿದ್ದದ್ದು ಇವಳನ್ನೇ. ಹಾಗಾಗಿ ಹೆಣ್ಣುಮಕ್ಕಳು ಚಾಪೆ ಹೆಣೆಯುವುದನ್ನು ಕಲಿಯುವ ವಯಸ್ಸಿನಲ್ಲಿ ಇವಳು ಕಾಡು ಕಲಿತಳು. ಗಂಡ ಬೇಗ ಹೋದ. ಲೆಪೆಕಾ ಅಂತ ಒಬ್ಬಳೇ ಮಗಳು. ಒಂದಷ್ಟು ಕೆಸುವಿನ ತೋಟವಿತ್ತು, ಅದರಲ್ಲೇ ಬದುಕು ಸಾಗುತ್ತಿತ್ತು. ತೊಂಬತ್ತಮೂರರಲ್ಲಿ ಸಮೋವಾದ ಕೆಸುವಿಗೆಲ್ಲ ಎಲೆರೋಗ ಬಂತಲ್ಲ, ಎರಡು ಚಂಡಮಾರುತ ತಡೆದುಕೊಂಡಿದ್ದ ತೋಟಗಳು ಆಗ ಮೂರು ತಿಂಗಳೊಳಗೆ ಕಪ್ಪಾಗಿ ಬಿದ್ದವು. ಅದೇ ವರ್ಷ ನಮ್ಮ ದಕ್ಷಿಣ ತೀರಕ್ಕೆ ಬೆನ್ನುಚೀಲದವರು ಬರತೊಡಗಿದ್ದರು. ನಾನು ಆರು ಗುಡಿಸಲು ಎಬ್ಬಿಸಿದೆ. ಅವಳು ಅಜ್ಜನ ಕತ್ತಿಯನ್ನು ಮಸೆದುಕೊಂಡು ಗೈಡ್ ಆದಳು.

ಊರ ಗಂಡಸರಿಗೆ ಅದೊಂದು ನಗೆಯಾಯಿತು. ಬಸ್ಸು ಓಡಿಸುತ್ತಿದ್ದ ಸಿಯೊನೆ ಅಂಗಡಿ ಮುಂದೆ ಎಲ್ಲರಿಗೂ ಕೇಳುವಂತೆ, "ಏನಪ್ಪಾ ಕಾಲ ಬಂತು! ಹೆಂಗಸು ದಾರಿ ತೋರಿಸ್ತಾಳಂತೆ, ಗಂಡಸ್ರು ಹಿಂದೆ ಹೋಗ್ತಾರಂತೆ" ಅಂದ.

ಚಿಕ್ಕಮ್ಮ ಸೋಪು ಕೊಳ್ಳುತ್ತಿದ್ದವಳು ತಿರುಗಿಯೂ ನೋಡದೆ ಹೇಳಿದಳು: "ಪ್ರತಿ ಭಾನುವಾರ ಚರ್ಚಿಗೆ ನಿನ್ನ ಹೆಂಡ್ತಿ ಹಿಂದೆ ತಾನೇ ನೀನು ಹೋಗೋದು? ಯಾವತ್ತಾದ್ರೂ ದಾರಿ ತಪ್ಪಿದೀಯೇನೋ?"



ಅವಳ ಕೂಲಿ ದಿನಕ್ಕೆ ತಲೆಗೆ ನಮ್ಮ ನಾಣ್ಯದಲ್ಲಿ ಇಪ್ಪತ್ತು ತಾಲಾ. ನನ್ನಲ್ಲಿ ಚಾಪೆ, ಸೊಳ್ಳೆಪರದೆ, ಎರಡು ಹೊತ್ತಿನ ಊಟ ಎಲ್ಲ ಸೇರಿ ಒಂದು ದಿನಕ್ಕೆ ಆಗುತ್ತಿದ್ದದ್ದೂ ಅಷ್ಟೇ. ಬರುವವರಲ್ಲಿ ಹೆಚ್ಚಿನವರು ಇದ್ದ ಕಾಸನ್ನು ಹಿಂಜಿ ಹಿಂಜಿ ಇನ್ನೂ ಎರಡು ದ್ವೀಪ ನೋಡಬೇಕೆನ್ನುವವರು. ಗೈಡಿಗೆ ಕೊಟ್ಟರೆ ಒಂದು ದಿನದ ವಾಸ್ತವ್ಯ ಕಳೆದುಕೊಂಡ ಹಾಗೆ. ಅದಕ್ಕೇ ಸಂಜೆಯಾದರೆ ಅದೇ ಚರ್ಚೆ. ನಾನು ಚಿಕ್ಕಮ್ಮನನ್ನು ಕರೆಸುತ್ತಿದ್ದೆ. ಅವಳು ಒಂದು ಪಾತ್ರೆ ಬಿಸಿ ಕೊಕೊ ಹಿಡಿದು ಬಂದು ಅವರ ಎದುರು ಕಾಲು ಮಡಿಸಿ ಕೂರುತ್ತಿದ್ದಳು. ಮೊದಲು ಅವರ ಪಾದ ನೋಡುವಳು, ಆಮೇಲೆ ಪಕ್ಕದಲ್ಲಿ ಬಿಟ್ಟ ಬೂಟು. ಕೊನೆಗೆ ಒಂದೇ ಪ್ರಶ್ನೆ: "ಬಸ್ಸಿಳಿದು ಇಲ್ಲೀತನಕ ಬಂದ್ಯಲ್ಲ, ದಾರೀಲಿ ಏನೇನು ನೋಡ್ದೆ?"

ಕೆಲವರು "ಸಮುದ್ರ, ತುಂಬಾ ಚೆನ್ನಾಗಿದೆ" ಎನ್ನುವರು. ಕೆಲವರು ಯೋಚಿಸಿ, "ತಗಡಿನ ಮನೆ ಹತ್ರ ಒಂದು ಹಂದಿ, ಮೂರು ಮರಿ. ಆಮೇಲೆ ಒಬ್ಬ ಅಜ್ಜಿ ಕಲ್ಲಿನ ಮೇಲೆ ಎಲೆ ಒಣಗಿಸ್ತಿದ್ರು. ಅವರ ಒಂದು ಕೈಗೆ ಬಟ್ಟೆ ಕಟ್ಟಿತ್ತು" ಎನ್ನುವರು. ಈ ಎರಡನೆಯ ಜಾತಿಯವರಿಗೆ ಚಿಕ್ಕಮ್ಮ ಕೊಕೊ ಬಗ್ಗಿಸಿ ಕೊಟ್ಟು, "ನಿಂಗೆ ನಾನು ಬೇಕಾಗಿಲ್ಲ, ನೀನೇ ಹೋಗು" ಅನ್ನುತ್ತಿದ್ದಳು.

"ಬಂದ ಕಾಸನ್ನ ಒದೀತೀಯಲ್ಲ ಚಿಕ್ಕಮ್ಮ!" ಅಂತ ನಾನು ಬೈಯುತ್ತಿದ್ದೆ. "ಬೇಕು ಅಂದಿದ್ರೆ ಅವ್ಳು ಕೊಡ್ತಿದ್ಳು."

"ಕೊಡ್ತಿದ್ಳು ಕಣೇ ಮರೇತಾ. ಕೊಟ್ಟು ನಾಳಿದ್ದು ನಿನ್ನ ಗುಡಿಸಲು ಬಿಟ್ಟು ಹೊರಡ್ತಿದ್ಳು. ಈಗ ಇನ್ನೊಂದು ದಿನ ಇರ್ತಾಳೆ. ಲೆಕ್ಕ ಬರಲ್ವಲ್ಲೇ ನಿಂಗೆ!"

ಆದರೆ ಅವಳು ಬೇಡ ಎಂದವರನ್ನು ಸುಮ್ಮನೆ ಕಳಿಸುತ್ತಿರಲಿಲ್ಲ. ದಾರಿಯನ್ನು ಬಾಯಿಪಾಠ ಮಾಡಿಸುತ್ತಿದ್ದಳು. ನೀಲಿ ತಗಡಿನ ಮನೆ, ಅಲ್ಲಿ ನಿಂತು ನಮಸ್ಕಾರ ಹೇಳು, ನನ್ನ ಹೆಸರು ಹೇಳು. ಆಮೇಲೆ ಜೋಡಿ ದೀವಿಹಲಸು, ಅಲ್ಲಿಂದ ಜಲಪಾತ. ಹಳೇ ಕೊಕೊ ತೋಟ ದಾಟಿದರೆ ಕಟ್ಟಕಡೆಯ ಮನೆ ಫಿಲೆಮೊನಿ ತಾತನದು, ಎರಡು ತಾಲಾ ಕೊಡು, ಆ ನೆಲ ಅವನದು. ಮುಂದೆ ಕರಿಬಂಡೆಯ ಹತ್ತಿರ ದಾರಿ ಕವಲಾಗುತ್ತದೆ, ಎಡಕ್ಕೆ ಹೋಗು. ದಾರಿ ಬಿಟ್ಟು ಒಂದು ಹೆಜ್ಜೆಯೂ ಇಡಬೇಡ. ತಪ್ಪಿಲ್ಲದೆ ಒಪ್ಪಿಸುವ ತನಕ ಅವರಿಗೆ ಊಟವಿಲ್ಲ. ಎಷ್ಟೋ ಸಂಜೆ ನನ್ನ ಗುಡಿಸಲು ಶಾಲೆಯಂತೆ ಮೊಳಗುತ್ತಿತ್ತು. ಬೆಳಿಗ್ಗೆ ಅವರು ಹೊರಟರೆ ಯಾವ ಮನೆ ದಾಟಿದರು, ಎಷ್ಟು ಹೊತ್ತಿಗೆ ದಾಟಿದರು ಅನ್ನುವುದು ಊರಿಗೆಲ್ಲ ತಿಳಿಯುತ್ತಿತ್ತು. ತಾವು ಒಬ್ಬರೇ ಹೋಗಿಬಂದೆವು ಎಂದು ಅವರು ಹೆಮ್ಮೆಪಡುತ್ತಿದ್ದರು. ನಾವು ನಗುತ್ತಿದ್ದೆವು.

ಆಗಿನ ಆ ಮೂರು ವರ್ಷ ಚಿಕ್ಕಮ್ಮನನ್ನು ನೋಡುವುದೇ ಒಂದು ಸಂತೋಷ. ಕರೆದುಕೊಂಡು ಹೋದವರನ್ನೂ ಅವಳು ಅವಸರಪಡಿಸುತ್ತಿರಲಿಲ್ಲ. ಹಕ್ಕಿ ಗೂಡು ಕಂಡರೆ ಅಲ್ಲೇ ಕೂತುಬಿಡುವಳು. ಮಧ್ಯಾಹ್ನ ಬರಬೇಕಾದವರು ಇಳಿಹೊತ್ತಿಗೆ ಬರುವರು, ಮೈಯೆಲ್ಲ ಕೆಸರು, ಬಾಯ್ತುಂಬ ನಗು.

ತೊಂಬತ್ತಾರರ ಆಗಸ್ಟಿನಲ್ಲಿ ಅವಳ ಅಂದಾಜು ಕೈಕೊಟ್ಟಿತು.

ಹಾಲೆಂಡಿನ ಹುಡುಗಿ, ಮಾರಿಟ್ ಅಂತ. ಓದು ಮುಗಿಸಿ ಒಂದು ವರ್ಷದ ದುಡಿಮೆಯನ್ನೆಲ್ಲ ಹಿಡಿದು ಹೊರಟವಳು, ನಮ್ಮಲ್ಲಿಗೆ ಬರುವಷ್ಟರಲ್ಲಿ ಚೀಲ ಬರಿದಾಗಿತ್ತು. ಆದರೆ ಗಟ್ಟಿ ಕಾಲು, ಪಳಗಿದ ಬೂಟು. ದಾರಿಯಲ್ಲಿ ಕಂಡದ್ದನ್ನು ಎಷ್ಟು ಹೇಳಿದಳೆಂದರೆ ಕೊನೆಗೆ ಚಿಕ್ಕಮ್ಮನೇ ಕೈ ಎತ್ತಿ, "ಸಾಕು ತಾಯಿ, ನಂಗೇ ನೀನು ಗೈಡ್ ಆಗಬಹುದು" ಅಂದಳು. ದಾರಿಯನ್ನು ಒಂದೇ ಸಲಕ್ಕೆ ಒಪ್ಪಿಸಿದಳು. ಮರುದಿನ ಏಳಕ್ಕೆ ಹೊರಟಳು.

ಹಿಂದಿನ ದಿನದ ಗಾಳಿಗೆ ಕರಿಬಂಡೆಯಾಚೆ ಒಂದು ಮರ ದಾರಿಗೆ ಅಡ್ಡ ಬಿದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಹುಡುಗಿ ಮರ ಸುತ್ತಿ ಬರಲು ನಾಲ್ಕು ಹೆಜ್ಜೆ ಪಕ್ಕಕ್ಕಿಟ್ಟಳು. ಅಲ್ಲಿನ ನೆಲವೆಲ್ಲ ಹಳೇ ಲಾವಾ. ಮೇಲೆ ಜರೀಗಿಡ, ಕೆಳಗೆ ಟೊಳ್ಳು. ನೆಲ ಕುಸಿದು ಒಂದು ಕಾಲು ತೊಡೆಯ ತನಕ ಒಳಗೆ ಹೋಯಿತು. ಮೊಣಕಾಲ ಕೆಳಗಿನ ಮೂಳೆ ಎರಡು ಕಡೆ ಮುರಿಯಿತು.

ಒಂಬತ್ತಕ್ಕೆ ತನ್ನ ಮನೆ ದಾಟಿದವಳು ಮಧ್ಯಾಹ್ನ ಒಂದು ಗಂಟೆಯಾದರೂ ಹಿಂದಿರುಗಲಿಲ್ಲವೆಂದು ಫಿಲೆಮೊನಿ ತಾತನೇ ಕೋಲೂರಿಕೊಂಡು ಹುಡುಕಿ ಹೋದ. ಅವನು ಕೂಗಿದ್ದು ತೋಟದವರಿಗೆ ಕೇಳಿ, ತೋಟದವರು ಕೂಗಿದ್ದು ಊರಿಗೆ ಕೇಳಿ, ನಾವೆಲ್ಲ ಓಡಿದೆವು. ಎರಡು ಬಿದಿರಿಗೆ ಗೋಣಿ ಕಟ್ಟಿ ನಾಲ್ವರು ಗಂಡಸರು ಅವಳನ್ನು ಇಳಿಸಿದರು. ಅವರಲ್ಲಿ ಸಿಯೊನೆಯೂ ಒಬ್ಬ. ಇಡೀ ದಾರಿ ಚಿಕ್ಕಮ್ಮ ಆ ಹುಡುಗಿಯ ತಲೆ ಹಿಡಿದುಕೊಂಡು ನಡೆದಳು. 

ಹನ್ನೊಂದು ದಿನ ಹುಡುಗಿ ಆಸ್ಪತ್ರೆಯಲ್ಲಿದ್ದಳು. ಹನ್ನೊಂದು ದಿನವೂ ಚಿಕ್ಕಮ್ಮ ಮೊದಲ ಬಸ್ಸು ಹತ್ತಿ, ತೆಂಗಿನ ಹಾಲಲ್ಲಿ ಬೆಂದ ಬಾಳೆಕಾಯಿ ಕಟ್ಟಿಕೊಂಡು ಹೋದಳು. ಆ ಹುಡುಗಿ, "ಅಮ್ಮಾ, ದಾರಿ ಬಿಟ್ಟು ಕಾಲಿಡಬೇಡ ಅಂತ ನೀವು ಹೇಳಿದ್ರಿ, ಇಟ್ಟವಳು ನಾನು" ಎಂದು ಎಷ್ಟು ಸಲ ಹೇಳಿದರೂ ಇವಳ ಮುಖ ಬದಲಾಗಲಿಲ್ಲ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಕಾರ್ಡು ಬಂತು, ಕಾಲು ಸರಿಹೋಗಿದೆ, ಕುಣಿಯುತ್ತಿದ್ದೇನೆ ಎಂದು. ನನ್ನಿಂದ ಎರಡು ಸಲ ಓದಿಸಿಕೊಂಡು ಬೈಬಲ್ಲಿನೊಳಗೆ ಇಟ್ಟುಬಿಟ್ಟಳು.

ಊರ ಹಿರಿಯರ ಸಭೆ ಜಲಪಾತದಿಂದಾಚೆ ಗೈಡ್ ಇಲ್ಲದೆ ಯಾರೂ ಹೋಗಕೂಡದು ಎಂದಿತು. ಹಾಗೆ ಹೇಳಿ ಎಂದು ಕೇಳಿಕೊಂಡವಳೂ ಚಿಕ್ಕಮ್ಮನೇ.

ಅಲ್ಲಿಂದ ಮುಂದಿನ ಹನ್ನೊಂದು ವರ್ಷ ಅವಳು ಬೇರೆಯೇ ಹೆಂಗಸು. ಬಂದವರ ಪಾದ ನೋಡುವುದಿಲ್ಲ, ಏನು ಕಂಡೆ ಎಂದು ಕೇಳುವುದಿಲ್ಲ. ಎಲ್ಲರಿಗೂ ಒಂದೇ ಮಾತು: "ಏಳು ಗಂಟೆಗೆ ಸಿದ್ಧವಾಗಿರು, ನಾನು ಬರ್ತೀನಿ." ಇಪ್ಪತ್ತು ಇದ್ದವರು ಇಪ್ಪತ್ತು ಕೊಟ್ಟರು, ಐದು ಇದ್ದವರು ಐದು. ಏನೂ ಇಲ್ಲದವರನ್ನೂ ಬಿಡಲಿಲ್ಲ. ವಾರಕ್ಕೆ ಐದು ದಿನ, ಕೆಲವು ದಿನ ಎರಡು ಸಲ ಬೆಟ್ಟ ಹತ್ತಿದಳು. ಮುಂದೆ ಅವಳು, ಹಿಂದೆ ಸಾಲಾಗಿ ಅವರು. ಅಲ್ಲಿ ನಿಲ್ಲಬೇಡ, ಇಲ್ಲಿ ಕೂರಬೇಡ, ಅದನ್ನು ಮುಟ್ಟಬೇಡ. ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಎಣಿಸಿ ನನಗೆ ಒಪ್ಪಿಸುವಳು. "ಒಳ್ಳೆ ಗೈಡ್, ಆದರೆ ಹೆಡ್‌ಮೇಡಮ್ ಥರ" ಎಂದು ಒಬ್ಬ ನನ್ನ ಹತ್ತಿರ ಹೇಳಿದ. ನನಗೆ ನಗು ಬರಲಿಲ್ಲ. ಒಂದು ದಿನ ಕೇಳಿಯೂ ಬಿಟ್ಟೆ.

"ಚಿಕ್ಕಮ್ಮ, ಆ ಹುಡುಗಿ ಕಾಲು ಸರಿಹೋಯ್ತು. ನೀನು ಯಾವಾಗ ಸರಿಹೋಗೋದು?"

"ನಂಗೇನಾಗಿದೆ?" ಅಂದಳು. ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದಳು. ಎರಡೂ ಮೊಣಕಾಲು ಊದಿ ದೀವಿಹಲಸಿನ ಹಾಗಾಗಿದ್ದವು.

ಎರಡು ಸಾವಿರದ ಏಳರಲ್ಲಿ ಲೆಪೆಕಾ ಅಮ್ಮನನ್ನು ನ್ಯೂಜಿಲೆಂಡಿಗೆ ಕರೆಸಿಕೊಂಡಳು. ಕ್ರೈಸ್ಟ್‌ಚರ್ಚಿನಲ್ಲಿ ಒಂದು ಲಾಂಡ್ರಿಯಲ್ಲಿ ಅವಳಿಗೆ ಕೆಲಸ. ಟಿಕೆಟಿಗೆ ಸ್ವಲ್ಪ ಅವಳದು, ಸ್ವಲ್ಪ ಚರ್ಚಿನವರದು, ಸ್ವಲ್ಪ ನನ್ನದು. ಜೊತೆಗೆ ನಾನೂ ಹೋದೆ, ಚಿಕ್ಕಮ್ಮ ಒಬ್ಬಳೇ ವಿಮಾನ ಹತ್ತುವುದಿಲ್ಲ ಅಂತ ಹಠ ಹಿಡಿದದ್ದರಿಂದ. ಎರಡು ವಾರ ಕೋಣೆಯೊಳಗೆ ಕಂಬಳಿ ಹೊದ್ದು ಕೂತಮೇಲೆ ಚಿಕ್ಕಮ್ಮ ಬಾಯಿಬಿಟ್ಟಳು: "ಲೆಪೆಕಾ, ಹರಿಯೋ ಮಂಜುಗಡ್ಡೆ ಅಂತ ಇದೆಯಂತಲ್ಲ. ನನ್ನ ಗಿರಾಕಿಗಳು ಹೇಳ್ತಿದ್ರು. ಅದನ್ನೊಂದು ನೋಡ್ಬೇಕು."

ಲೆಪೆಕಾ ಮರುದಿನವೇ ಬಣ್ಣದ ಕಾಗದ ತಂದಳು. ಎರಡು ದಿನದ ಪ್ರವಾಸ, ಕೋಚಿನಲ್ಲಿ ಗೈಡ್, ಹೋಟೆಲು, ಮಂಜಿನ ಮೇಲೆ ನಡೆಸುವವರು, ಎಲ್ಲ ಸೇರಿ ಒಬ್ಬರಿಗೆ ನಾನ್ನೂರು ಡಾಲರಿನ ಮೇಲೆ. ಅಮ್ಮನಿಗೆಂದು ಅಷ್ಟು ಕೂಡಿಟ್ಟಿದ್ದಳು.

"ನಾನ್ನೂರಾ?" ಚಿಕ್ಕಮ್ಮ ಕಾಗದ ತಿರುಗಿಸಿ ತಿರುಗಿಸಿ ನೋಡಿದಳು. "ಸಾದಾ ಬಸ್ಸು ಹೋಗಲ್ವೇನೇ ಅಲ್ಲಿಗೆ?"

"ಹೋಗುತ್ತಮ್ಮಾ. ಆದ್ರೆ ಅಲ್ಲಿಳಿದು ಏನು ಮಾಡ್ತೀಯ? ಭಾಷೆ ಬರಲ್ಲ, ದಾರಿ ಗೊತ್ತಿಲ್ಲ. ಇದ್ರಲ್ಲಾದ್ರೆ ಯಾರಾದ್ರೂ ನೋಡ್ಕೋತಾರೆ."

"ಭಾಷೆ ಬರಲ್ವಾ? ಹದಿನಾಲ್ಕು ವರ್ಷ ಬಂದೋರ್ನೆಲ್ಲ ಇಂಗ್ಲಿಷಲ್ಲೇ ಬೈದಿದೀನಿ."

"ಬೈಯೋಕೆ ಬಂದ್ರೆ ಸಾಕೇನಮ್ಮಾ? ಬಿದ್ದುಗಿದ್ದರೆ?"

ಬಿದ್ದರೆ ಎಂಬ ಮಾತಿಗೆ ಚಿಕ್ಕಮ್ಮ ಕಾಗದ ಮಡಿಸಿ ಕೆಳಗಿಟ್ಟಳು. ನನ್ನ ಕಡೆ ನೋಡಿ ಹೇಳಿದಳು: "ಇದ್ರಲ್ಲಿ ಹೋದ್ರೆ ನಾನೊಬ್ಳೇ. ಸಾದಾ ಬಸ್ಸಲ್ಲಾದ್ರೆ ಇದೇ ದುಡ್ಡಲ್ಲಿ ಮರೇತಾನೂ ಬರ್ತಾಳೆ."

ಹಾಗೆ ತೀರ್ಮಾನವಾಯಿತು. ಲೆಪೆಕಾ ಒಂದು ಡಬ್ಬಿ ಬೇಯಿಸಿದ ಕೋಳಿ, ಒಂದು ಡಬ್ಬಿ ಕೆಸುವಿನ ಗಡ್ಡೆ ಕಟ್ಟಿಕೊಟ್ಟಳು. ಬಸ್ಸಿನ ಕಿಟಕಿಯಿಂದ ಬೆಟ್ಟಗಳ ನೆತ್ತಿಯ ಹಿಮ ನೋಡುತ್ತಾ ನಾವಿಬ್ಬರೂ ಗಡ್ಡೆ ತಿಂದೆವು. ಪಶ್ಚಿಮ ತೀರದ ಆ ಸಣ್ಣ ಊರಿನಲ್ಲಿ ಬೆನ್ನುಚೀಲದವರು ತಂಗುವ ಮನೆಯಲ್ಲಿ ಮೇಲೆ ಕೆಳಗೆ ಇರುವ ಮಂಚ ಸಿಕ್ಕಿತು. ಅಲ್ಲಿನ ಹುಡುಗ ಹುಡುಗಿಯರೆಲ್ಲ ನಾಳೆ ಗೈಡಿನೊಂದಿಗೆ ಹೋಗುವುದಾ, ತಾವೇ ಹೋಗುವುದಾ ಅಂತಲೇ ಮಾತಾಡುತ್ತಿದ್ದರು. ಚಿಕ್ಕಮ್ಮ ಕೋಳಿಕಾಲು ಚೀಪುತ್ತಾ ಮದುವೆಮನೆಯಲ್ಲಿ ಕೂತವಳಂತೆ ಕೇಳಿಸಿಕೊಂಡಳು.

ಬೆಳಿಗ್ಗೆ ಗೈಡುಗಳ ಕಚೇರಿಗೆ ಹೋದೆವು. ಮಂಜಿನ ಮೇಲೆ ಅರ್ಧ ದಿನ ನಡೆಯಲು ತೊಂಬತ್ತು ಡಾಲರು. ನಮ್ಮ ಹತ್ತಿರ ಒಬ್ಬರಿಗಾಗುವಷ್ಟಿತ್ತು. "ನೀನು ಹೋಗು, ನಾನು ಇಲ್ಲಿ ಕೂತಿರ್ತೀನಿ" ಅಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಕೌಂಟರಿನ ಪಕ್ಕದಲ್ಲಿ ಒಬ್ಬ ಹುಡುಗಿ ಮಂಜಿನಲ್ಲಿ ಜಾರದ ಹಾಗೆ ಬೂಟಿಗೆ ಮೊಳೆಪಟ್ಟಿ ಕಟ್ಟುತ್ತಿದ್ದಳು, ಆ ದೇಶದ ಮೂಲನಿವಾಸಿ ಮಾವೋರಿ ಜನಾಂಗದವಳು, ಎದೆಯ ಮೇಲೆ ಮೆರೆಯಾನಾ ಎಂದು ಹೆಸರು. ಚಿಕ್ಕಮ್ಮ ನೇರ ಅವಳ ಮುಂದೆ ಹೋಗಿ ನಿಂತಳು.

"ಮಗಳೇ, ಒಂದು ಮಾತು. ನಿಜ ಹೇಳು. ನಂಗೆ ನೀನು ಬೇಕಾ?"

ಹುಡುಗಿ ತಲೆಯೆತ್ತಿದಳು. ನಗಲಿಲ್ಲ. ಚಿಕ್ಕಮ್ಮನ ಮುಖ ನೋಡಿದಳು, ಬಗ್ಗಿ ಅವಳ ಕಾಲಿನ ಕ್ಯಾನ್ವಾಸ್ ಬೂಟು ನೋಡಿದಳು, ಆಮೇಲೆ ಮೊಣಕಾಲು.

"ಎಷ್ಟು ವರ್ಷದಿಂದ ನೋಯ್ತಾ ಇದೆ ಅಮ್ಮಾ?"

"ಆರು."

"ಹಾಗಾದ್ರೆ ಬೇಡ. ಮಂಜಿನ ಮೇಲೆ ಮೊಳೆಬೂಟು ಹಾಕ್ಕೊಂಡು ಮೂರು ಗಂಟೆ ಅಂದ್ರೆ ಈ ಕಾಲಿಗೆ ಆಗಲ್ಲ. ದುಡ್ಡು ತಗೊಂಡು ನಿಮ್ಮನ್ನ ಅರ್ಧ ದಾರೀಲಿ ವಾಪಸ್ ಕಳಿಸ್ಬೇಕಾಗುತ್ತೆ. ಕಣಿವೆ ದಾರಿ ಹಿಡೀರಿ, ಅದಕ್ಕೆ ಕಾಸಿಲ್ಲ. ನದಿ ಪಕ್ಕಾನೇ ಹೋಗಿ, ಕಲ್ಲೆಲ್ಲ ಕೆಂಪಗಿರೋ ಜಾಗ ಬರುತ್ತೆ. ಅಲ್ಲಿಂದ ಇನ್ನರ್ಧ ಗಂಟೆ. ಹಗ್ಗ ಕಟ್ಟಿರ್ತಾರೆ, ದಾಟಬೇಡಿ, ಎಷ್ಟೇ ಹತ್ರ ಕಂಡ್ರೂ. ಎರಡು ಗಂಟೆಗೆ ನನ್ನ ಜನರನ್ನ ಕರ್ಕೊಂಡು ನಾನು ಅಲ್ಲೇ ಇಳಿದು ಬರ್ತೀನಿ. ಕಾಯ್ತೀರಾ?"

ಚಿಕ್ಕಮ್ಮ ಆ ದಾರಿಯನ್ನು ಮೊದಲಿಂದ ಕೊನೆಯತನಕ ಅವಳಿಗೆ ತಿರುಗಿ ಒಪ್ಪಿಸಿದಳು. ಹುಡುಗಿ ಕಣ್ಣರಳಿಸಿದಳು.

ನಾವು ನಡೆದೆವು. ಬೂದುಬಣ್ಣದ ನೀರು, ಎರಡೂ ಕಡೆ ಗೋಡೆಯಂಥ ಬೆಟ್ಟ, ಎಲ್ಲಿಂದಲೋ ಬೀಳುವ ಸಣ್ಣ ಸಣ್ಣ ಜಲಪಾತಗಳು. ಎಷ್ಟೋ ವರ್ಷದ ಮೇಲೆ ಚಿಕ್ಕಮ್ಮ ದಾರಿಯಲ್ಲಿ ನಿಂತಳು. ಕೆಂಪು ಪಾಚಿಯನ್ನು ಉಗುರಿನಿಂದ ಕೆರೆದು ಮೂಸಿದಳು. ಒಂದು ಹಸಿರು ಗಿಳಿ ಯಾರದೋ ಚೀಲ ಕುಕ್ಕುವುದನ್ನು ನೋಡುತ್ತಾ ಕಾಲುಗಂಟೆ ಕಲ್ಲಿನ ಮೇಲೆ ಕೂತಳು. ನನಗೆ ಚಳಿಗೆ ಹಲ್ಲು ಕಟಕಟ. ಹಗ್ಗದ ಹತ್ತಿರ ಮುಟ್ಟಿದಾಗ ಹಿಮನದಿ ಎದುರಿಗೇ ಇತ್ತು, ಮಾಸಲು ಬಿಳಿ, ಬಿರುಕುಗಳೊಳಗೆ ನೀಲಿ. ಮೇಲೆ ಇರುವೆಸಾಲಿನಂತೆ ಗೈಡಿನ ಜನ. ಹಗ್ಗದಾಚೆ ಫೋಟೊಕ್ಕೆಂದು ಇಬ್ಬರು ನುಸುಳಿದ್ದರು. ಚಿಕ್ಕಮ್ಮನ ಗದರಿಕೆಗೆ ಬಾಲ ಮುದುರಿಕೊಂಡು ಹಿಂದೆ ಬಂದರು.

ಎರಡೂಕಾಲಿಗೆ ಮೆರೆಯಾನಾ ಬಂದಳು. ಉಣ್ಣೆಯ ಟೋಪಿಯಲ್ಲಿ ಏನೋ ಸುತ್ತಿ ತಂದಿದ್ದಳು. ಬಿಚ್ಚಿದರೆ ತೆಂಗಿನಕಾಯಿ ಗಾತ್ರದ ಮಂಜುಗಡ್ಡೆ, ಗಾಜಿನಷ್ಟು ತಿಳಿ. ಚಿಕ್ಕಮ್ಮನ ಎರಡೂ ಅಂಗೈಗೆ ಇಟ್ಟಳು. ಚಿಕ್ಕಮ್ಮ ನೆಕ್ಕಿ ನೋಡಿ, "ವಾಯ್!" ಅಂದಳು. ನೀರಿಗೆ ನಾವು ಹಾಗೇ ಅನ್ನುವುದು. "ನಾವೂ ವಾಯ್ ಅಂತಲೇ ಅನ್ನೋದು!" ಎಂದು ಹುಡುಗಿ ಕುಣಿದಳು. ಆಮೇಲೆ ಇಬ್ಬರೂ ಕಲ್ಲಿನ ಮೇಲೆ ಕೂತು ಬೆರಳು ಮಡಿಸುತ್ತಾ ಒಂದು ಎರಡು ಮೂರು ಎಣಿಸಿದರು. ಐದಕ್ಕೆ ಇವಳದು ಲಿಮಾ, ಅವಳದು ರಿಮಾ. ಅಕ್ಕಪಕ್ಕದ ಊರಿನವರ ಹಾಗೆ ನಕ್ಕರು.

ಮಂಜು ಕರಗಿ ಚಿಕ್ಕಮ್ಮನ ತೋಳಿನ ಮೇಲೆ ಇಳಿಯುತ್ತಿತ್ತು. ಇದ್ದಕ್ಕಿದ್ದಂತೆ ಕೇಳಿದಳು: "ಮಗಳೇ, ನೀನು ಬೇಡ ಅಂದವ್ರು, ನೀನೇ ಹೋಗು ಅಂತ ಕಳಿಸಿದವ್ರು ಯಾರಾದ್ರೂ ಬಿದ್ದಿದಾರಾ?"

ಮೆರೆಯಾನಾ ತನ್ನ ಜನರ ಕಡೆ ಒಮ್ಮೆ ನೋಡಿದಳು. ಅವರು ದೂರದಲ್ಲಿ ಬಿಸ್ಕೆಟ್ ತಿನ್ನುತ್ತಿದ್ದರು.

"ಒಬ್ರು," ಅಂದಳು. "ಇದೇ ದಾರೀಲೇ. ಕಲ್ಲು ಜಾರಿ ಕೈ ಮುರೀತು. ನಾಲ್ಕು ತಿಂಗಳು ನಾನು ಯಾರ್ನೂ ಒಬ್ರನ್ನೇ ಕಳಿಸ್ಲಿಲ್ಲ."

"ಆಮೇಲೆ?"

"ಆಮೇಲೆ ನಮ್ಮಜ್ಜಿ ಕೇಳಿದ್ಳು, ನಿನ್ನ ಜೊತೆ ಬಂದವ್ರು ಯಾರೂ ಬಿದ್ದಿಲ್ವಾ ಅಂತ. ಮೂರು ಜನ ಬಿದ್ದಿದ್ರು ಅಮ್ಮಾ."

ಚಿಕ್ಕಮ್ಮ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಆಮೇಲೆ ಅದು ಅಳುವೋ ನಗುವೋ ನನಗೆ ತಿಳಿಯಲಿಲ್ಲ. ಮೆರೆಯಾನಾ ಮಾವೋರಿ ಪದ್ಧತಿಯಂತೆ ಅವಳ ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ ಒಂದು ಗಳಿಗೆ ಹಾಗೇ ಇದ್ದಳು. ಆಮೇಲೆ ತನ್ನ ಜನರನ್ನು ಕರೆದುಕೊಂಡು ಹೋದಳು.

ಊರಿಗೆ ಬಂದ ವಾರದಲ್ಲೇ ಚಿಕ್ಕಮ್ಮ ಹಿರಿಯರ ಸಭೆಗೆ ಹೋಗಿ ಕೇಳಿಕೊಂಡಳು. ಕರಿಬಂಡೆಯ ತನಕ ಯಾರು ಬೇಕಾದರೂ ತಾವೇ ಹೋಗಲಿ, ಅಲ್ಲಿಂದಾಚೆ ಮಾತ್ರ ಗೈಡ್ ಇರಲಿ, ಪ್ರತಿ ಗಾಳಿಮಳೆಯ ಮರುದಿನ ದಾರಿ ನೋಡಿಬರುವುದು ತನ್ನ ಹೊಣೆ ಎಂದಳು. ಅವರು ಒಪ್ಪಿದರು. ನನ್ನ ಗುಡಿಸಲಲ್ಲಿ ಮತ್ತೆ ಬಾಯಿಪಾಠ ಶುರುವಾಯಿತು. ಐದಾರು ವರ್ಷ ಹಾಗೆ ನಡೆಯಿತು, ಮೊಣಕಾಲು ಬಿಡುವ ತನಕ.

ಆ ದಿನಗಳಲ್ಲಿ ನನಗೆ ತೀರಾ ಹತ್ತಿರವಾದದ್ದು ಒಂದೇ ದಿನ. ನ್ಯೂಜಿಲೆಂಡಿನಿಂದ ಬಂದ ವರ್ಷದ ಕೊನೆ. ಗುಡಿಸಲುಗಳು ಖಾಲಿ ಇದ್ದವು. ಅವಳು ಬೆಳಿಗ್ಗೆ ಬಂದು, "ಮರೇತಾ, ನೀನು ಬೆಟ್ಟದ ಬಾಯಿ ನೋಡಿದೀಯಾ?" ಅಂದಳು.

ನೋಡಿರಲಿಲ್ಲ. ಹದಿನಾಲ್ಕು ವರ್ಷ ಬಂದವರಿಗೆಲ್ಲ ಅದರ ಬಗ್ಗೆ ಹೇಳಿದ್ದೆ. ಚಾಪೆ, ಮೀನು, ಪರದೆ, ಪಾತ್ರೆ ಅಂತ ಹೋಗುವುದಕ್ಕೇ ಆಗಿರಲಿಲ್ಲ.

"ನಾಚ್ಕೆ ಆಗಲ್ವೇನೇ? ಏಳು."

ಮೂರು ಗಂಟೆಯ ದಾರಿಗೆ ನಮಗೆ ಐದು ಗಂಟೆ ಹಿಡಿಯಿತು. ಅವಳಿಗೆ ಮೊಣಕಾಲು, ನನಗೆ ಉಬ್ಬಸ. ಮೇಲೆ ಮುಟ್ಟಿದಾಗ ನೆಲ ಒಮ್ಮೆಲೇ ಮುಗಿದುಹೋಯಿತು. ಕೆಳಗೆ ದುಂಡನೆಯ ಆಳ, ಅದರ ತುಂಬ ಮರಗಳು, ತಳದಲ್ಲಿ ಒಂದು ಹಸಿರು ಕೊಳ. ನಟ್ಟನಡು ಹಗಲಿನಲ್ಲೇ ದೊಡ್ಡ ಬಾವಲಿಗಳು ಹದ್ದಿನಂತೆ ರೆಕ್ಕೆ ಅಲುಗಿಸದೆ ಆ ಬಾಯಿಯ ಮೇಲೆ ತೇಲುತ್ತಿದ್ದವು. ಚಿಕ್ಕಮ್ಮ ಮರಕ್ಕೊರಗಿ ನಿದ್ದೆಹೋದಳು. ನಾನು ಎಬ್ಬಿಸಲಿಲ್ಲ.

ಹಾಗಾಗಿ ಇಳಿಯುವುದು ತಡವಾಯಿತು. ಊರ ಅಂಚಿಗೆ ಬಂದಾಗ ಸಂಜೆಯ ಪ್ರಾರ್ಥನೆಯ ಶಂಖ ಊದಿಬಿಟ್ಟಿದ್ದರು. ರಸ್ತೆಗೆ ಅಡ್ಡವಾಗಿ ಕಾವಲಿಗೆ ನಿಂತಿದ್ದವನು ಸಿಯೊನೆ, ಈಗ ಹೊಟ್ಟೆ ಬಂದಿದ್ದವನು, ಬಿಳಿ ಅಂಗಿ ಹಾಕಿಕೊಂಡು.

"ನಿಂತ್ಕೊಳ್ಳಿ. ಪ್ರಾರ್ಥನೆ ಮುಗಿಯೋ ತನಕ ಊರೊಳಗೆ ಬರೋ ಹಾಗಿಲ್ಲ" ಅಂದ.

"ಲೋ, ನಿನ್ನ ಮಕ್ಳ ಮೂಗು ಒರೆಸಿದವಳು ಕಣೋ ನಾನು!"

"ಗೊತ್ತು ಫುವಾತಿನೊ. ಅದಕ್ಕೇ ಮೆಲ್ಲಗೆ ಹೇಳ್ತಿರೋದು. ಇಬ್ರೂ ಟೂರಿಸ್ಟ್‌ಗಳ ಥರ ಸುಮ್ನೆ ಅಲ್ಲೇ ನಿಂತ್ಕೊಳ್ಳಿ."

ಕೆಸರು ಮೆತ್ತಿದ ಕಾಲಿನಲ್ಲಿ ಇಬ್ಬರೂ ದಾರಿಯಂಚಿನ ಹುಲ್ಲಿನ ಮೇಲೆ ನಿಂತೆವು. ಒಂದು ಮನೆಯಿಂದ ಹಾಡು ಶುರುವಾಯಿತು, ಅದು ಮುಗಿಯುವ ಮೊದಲೇ ಇನ್ನೊಂದು ಮನೆಯಿಂದ ಇನ್ನೊಂದು. ಹುಟ್ಟಿದಾಗಿನಿಂದ ಆ ಹಾಡುಗಳನ್ನು ಯಾವುದೋ ಒಂದು ಮನೆಯೊಳಗೆ ಕೂತೇ ಹಾಡಿದ್ದೆವು. ಎಲ್ಲ ಮನೆಗಳೂ ಒಟ್ಟಿಗೆ ಹೇಗೆ ಕೇಳುತ್ತವೆ ಎಂದು ಹೊರಗೆ ನಿಂತು ಕೇಳಿದ್ದು ಅದೇ ಮೊದಲು. ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡು ಆ ಹಾಡುಗಳ ಕೆಳದನಿಯ ಭಾಗವನ್ನು ತುಟಿಯೊಳಗೇ ಹಾಡುತ್ತಿದ್ದಳು.